ಮೂರನೆಯ ದೆವ್ವದ ಕೈಗಳು

ಶಿಡ್ಲಘಟ್ಟದ ಹೆಂಗಸರು ನಕ್ಕಿದ್ದೇ ಎಲ್ಲಕ್ಕೂ ಕಾರಣ.

೧೯೬೨ರ ಆಗಸ್ಟ್. ಸಾದಿಕ್ ಪಾಷಾ ಅವರ ರೇಷ್ಮೆ ಬಿಚ್ಚುವ ಕಾರ್ಖಾನೆಯಲ್ಲಿ ಒಂದು ಸಿನಿಮಾದ ತಾಲೀಮು ನಡೆಯುತ್ತಿತ್ತು. ನಾನು ರಸಾಯನಶಾಸ್ತ್ರದ ಪದವಿ ಮುಗಿಸಿ ರೇಷ್ಮೆ ಇಲಾಖೆಗೆ ಸೇರಿ ಎಂಟು ತಿಂಗಳಾಗಿತ್ತು. ಕಾರ್ಖಾನೆಗಳಲ್ಲಿ ನೀರಿನ ಶಾಖ ಅಳೆದು ಬರೆದುಕೊಳ್ಳುವುದು ನನ್ನ ಕೆಲಸವಾದ್ದರಿಂದ ಅಂದು ಅಲ್ಲಿದ್ದೆ.

ಸಿನಿಮಾದಲ್ಲಿ ಮೂರು ದೆವ್ವದ ಕಥೆಗಳು: ಬಾವಿಗೆ ಬಿದ್ದ ಮದುಮಗಳು, ಪ್ರವಾಸಿ ಬಂಗಲೆಯ ದಾದಿ, ಸತ್ತ ಮೇಲೂ ಕೆಲಸಕ್ಕೆ ಬರುವ ರೇಷ್ಮೆ ಬಿಚ್ಚುವವಳು. ಮೂರೂ ಪಾತ್ರ ಒಬ್ಬರದೇ, ಗೌರಿಬಿದನೂರಿನ ಆದಿಲಕ್ಷ್ಮಮ್ಮನವರದು. ಹದಿನೈದು ವರ್ಷ ನಾಟಕ ಕಂಪನಿಯಲ್ಲಿ ಸಖಿ, ಅತ್ತೆ, ಅಳುವ ವಿಧವೆ ಆಗಿದ್ದವರು. ವಯಸ್ಸು ಮೂವತ್ತನಾಲ್ಕು. ಇಡೀ ಆಟ ತನ್ನೊಬ್ಬಳ ಮೇಲೆ ನಿಲ್ಲುವ ಅವಕಾಶ ಮತ್ತೊಮ್ಮೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ದೃಶ್ಯ ಸರಳ. ಮಾಲೀಕ ಬಾಗಿಲು ತೆರೆದರೆ ಹೋದ ವಾರ ಸತ್ತವಳು ಬಿಸಿನೀರಿನ ಬಾಣಲೆಯ ಮುಂದೆ ಕೂತಿದ್ದಾಳೆ. ಆದಿಲಕ್ಷ್ಮಮ್ಮ ಬಾಣಲೆಯೊಳಗೆ ಬಗ್ಗಿ, ತೇಲುವ ಗೂಡುಗಳನ್ನು ನೋಡಿ ನೋಡಿ ಎಳೆ ಹಿಡಿದರು; ಆಮೇಲೆ ತಲೆಯೆತ್ತಿ ಕಣ್ಣು ಅರಳಿಸಿದರು. ಸುತ್ತ ನಿಂತ ಕೆಲಸದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಇವಳು ಸತ್ತದ್ದು ಹಸಿವಿನಿಂದಲೇ ಇರಬೇಕು, ಸಾರಿನಲ್ಲಿ ಬೇಳೆ ಹುಡುಕುತ್ತಿದ್ದಾಳೆ ಎಂದು ಒಬ್ಬಳು ಅಂದಳು.

ನಿರ್ದೇಶಕ ವೆಂಕಟರವಣಪ್ಪ ಚಿಂತಾಮಣಿಯವರು, ಈ ಸೀಮೆ ಬಲ್ಲವರು. "ನೋಡಮ್ಮ, ಮೊದಲು ಇಲ್ಲಿನ ಟೆಂಟುಗಳಲ್ಲೇ ಓಡೋದು ಇದು. ಜನ ನಕ್ಕುಬಿಟ್ರೆ ದೆವ್ವದ ಕಥೆ ಮುಗೀತು," ಅಂದರು. ಮೂರನೆಯ ಪಾತ್ರಕ್ಕೆ ಮದರಾಸಿನಿಂದ ಬೇರೆ ನಟಿಯನ್ನು ಕರೆಸುವ ಮಾತೂ ಬಂತು. ಆದಿಲಕ್ಷ್ಮಮ್ಮ ವಾದಿಸಲಿಲ್ಲ. ಹತ್ತು ದಿನ ಕೊಡಿ ಎಂದರು.

ಮರುದಿನ ಬೆಳಗ್ಗೆ ಏಳಕ್ಕೆ ಅವರು ಹಮೀದಾ ಬೇಗಂ ಪಕ್ಕದಲ್ಲಿ ಕೂತಿದ್ದರು. ಹಮೀದಾ ಇಪ್ಪತ್ತಾರು ವರ್ಷದಿಂದ ಅದೇ ಬಾಣಲೆಯ ಮುಂದೆ ಕೂತವರು. ಏಳೆಂಟು ಗೂಡುಗಳ ಎಳೆ ಸೇರಿಸಿ ಒಂದೇ ದಾರ ಮಾಡಿ ರಾಟೆಗೆ ಕೊಡಬೇಕು. ಒಂದು ಎಳೆ ಮುಗಿದರೆ ರಾಟೆ ನಿಲ್ಲಿಸದೆ ಇನ್ನೊಂದನ್ನು ಸೇರಿಸಬೇಕು. ನೀರು ನೂರೆಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇದೆ, ಬೆರಳು ಒಂದು ಕ್ಷಣಕ್ಕಿಂತ ಹೆಚ್ಚು ಇಡಬೇಡಿ ಎಂದು ನಾನು ಎಚ್ಚರಿಸಿದೆ. ದೆವ್ವಕ್ಕೆ ಡಿಗ್ರಿ ಕೊಟ್ಟ ಮೊದಲನೇ ಮೇಷ್ಟ್ರು ನೀವೇ ಎಂದು ಆದಿಲಕ್ಷ್ಮಮ್ಮ ತಮಾಷೆ ಮಾಡಿ, ಬೆರಳು ಅದ್ದಿದರು.

ಮೊದಲ ದಿನ ಗಂಟೆಗೆ ನಲವತ್ತೊಂದು ಸಲ ದಾರ ಹರಿಯಿತು. ನಾಲ್ಕನೆಯ ದಿನ ಮೂವತ್ತು. ಆಕೆ ಇನ್ನೂ ನೀರನ್ನೇ ನೋಡುತ್ತಿದ್ದರು. ಐದನೆಯ ದಿನ ಹಮೀದಾ ಬೇಗಂ ತಮ್ಮ ದುಪಟ್ಟಾದ ತುದಿಯಿಂದ ಆಕೆಯ ಕಣ್ಣಿಗೆ ಪಟ್ಟಿ ಕಟ್ಟಿದರು.

"ಕಣ್ಣಿಗೆ ಏನ್ ಗೊತ್ತಾಗ್ತದೆ ಇಲ್ಲಿ? ಬರೀ ಹಬೆ. ದಾರ ಸಣ್ಣ ಆಯ್ತು ಅಂದ್ರೆ ಬೆರಳೇ ಹೇಳ್ತದೆ ಅಮ್ಮ. ನಾನು ಬಾಣಲೆ ನೋಡಿ ಎಷ್ಟೋ ವರ್ಷ ಆಯ್ತು."

ಆಮೇಲೆ ನಾನು ಗಮನಿಸಿದೆ. ಸಾಲಿನಲ್ಲಿದ್ದ ಹದಿನಾಲ್ಕು ಹೆಂಗಸರಲ್ಲಿ ಯಾರೂ ಬಾಣಲೆ ನೋಡುತ್ತಿರಲಿಲ್ಲ. ಮಾತಾಡುತ್ತಿದ್ದರು, ಬಾಗಿಲ ಕಡೆ ನೋಡುತ್ತಿದ್ದರು, ಒಬ್ಬಳು ತೂಕಡಿಸುತ್ತಿದ್ದಳು. ಕೈಗಳು ಮಾತ್ರ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಎಂಟು ತಿಂಗಳು ನಾನು ನೀರನ್ನಷ್ಟೇ ಅಳೆದಿದ್ದೆ.

ಹತ್ತನೆಯ ದಿನ ಮಧ್ಯಾಹ್ನ ಪರೀಕ್ಷೆ. ಹೆಂಗಸರೆಲ್ಲ ಮತ್ತೆ ಸುತ್ತ ನಿಂತರು. ಮಾಲೀಕನ ಜಾಗದಲ್ಲಿ ಸಾದಿಕ್ ಪಾಷಾ ಅವರನ್ನೇ ಬಾಗಿಲು ತೆರೆಯಲು ನಿರ್ದೇಶಕರು ಕೇಳಿಕೊಂಡರು.

ಬಾಗಿಲು ತೆರೆಯಿತು. ಆದಿಲಕ್ಷ್ಮಮ್ಮ ಅದಾಗಲೇ ಬಾಗಿಲ ಕಡೆ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ, ರೆಪ್ಪೆ ಮಿಟುಕಲಿಲ್ಲ. ಕೆಳಗೆ ಕೈಗಳು ಎಳೆ ಹಿಡಿದು, ಬಿಟ್ಟು, ಹಿಡಿದು ಓಡುತ್ತಿದ್ದವು. ನಡುವೆ ದಾರ ಹರಿಯಿತು. ಮುಖ ಅಲುಗಲಿಲ್ಲ, ಬೆರಳುಗಳು ನೀರಿಗಿಳಿದು ತುದಿ ಹುಡುಕಿ ಸೇರಿಸಿದವು. ಹಗಲಿರುಳೂ ಅಂಥ ಕೈಗಳನ್ನು ಕಂಡಿದ್ದ ಸಾದಿಕ್ ಪಾಷಾ ಒಂದು ಹೆಜ್ಜೆ ಹಿಂದಿಟ್ಟರು. ಯಾರೂ ನಗಲಿಲ್ಲ. ಒಬ್ಬಳು ತನ್ನ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಪಾತ್ರ ನಿಮ್ಮದೇ ಎಂದರು ವೆಂಕಟರವಣಪ್ಪ. ಆಮೇಲೆ ಹತ್ತಿರ ಬಂದು ಆ ಬೆರಳುಗಳನ್ನು ನೋಡಿದರು. ತುದಿಗಳು ಬೆಳ್ಳಗೆ ಬೆಂದು ಚರ್ಮ ಸುಲಿದಿತ್ತು. ಸೋಮವಾರ ಮದುಮಗಳ ಚಿತ್ರೀಕರಣ. ದೀಪ ಹಿಡಿದ ಕೈಗಳನ್ನು ತೀರಾ ಹತ್ತಿರದಿಂದ ತೆಗೆಯಬೇಕಿತ್ತು. ಆ ಪಾತ್ರಕ್ಕೆ ಬೇರೆ ಹುಡುಗಿಯ ಕೈ ತೋರಿಸೋಣ ಎಂದರು.

ಆದಿಲಕ್ಷ್ಮಮ್ಮ ಒಪ್ಪಲಿಲ್ಲ. ಹಮೀದಾ ಬೇಗಂ ಕಡೆ ತಿರುಗಿದರು. "ಅಕ್ಕ, ನೀನು ಮೊದಲನೇ ಸಲ ಬಾಣಲೆ ಮುಂದೆ ಕೂತಾಗ ಎಷ್ಟು ವಯಸ್ಸು?"

"ಒಂಬತ್ತು."

"ಮದುವೆ?"

"ಹದಿನಾರಕ್ಕೆ. ಮೆಹಂದಿ ಎರಡು ದಿನ ನಿಲ್ಲಲಿಲ್ಲ, ಚರ್ಮದ ಜೊತೆ ಬಂದುಬಿಡ್ತು. ಅತ್ತೆ ಬೈದ್ರು."

"ಕೇಳಿಸ್ಕೊಂಡ್ರಾ?" ಎಂದು ಆದಿಲಕ್ಷ್ಮಮ್ಮ ನಿರ್ದೇಶಕರನ್ನು ನೋಡಿದರು. "ನಿಮ್ಮ ಮದುಮಗಳು ಯಾವೂರೋಳು ಅಂತ ಕಥೇಲಿ ಬರೆದಿಲ್ಲ. ಶಿಡ್ಲಘಟ್ಟದೋಳು ಅಂತ ಬರ್ಕೊಳ್ಳಿ. ಮೂರೂ ನಾನೇ ಮಾಡೋದು, ಇದೇ ಕೈಯಲ್ಲಿ."

ವೆಂಕಟರವಣಪ್ಪ ಹಮೀದಾ ಬೇಗಂ ಕೈಗಳನ್ನು ನೋಡಿದರು. ಜೇಬಿನಿಂದ ಪೆನ್ಸಿಲ್ ತೆಗೆದು ಹಾಳೆಯ ಮೇಲೆ ಊರಿನ ಹೆಸರು ಬರೆದರು.

ಆದಿಲಕ್ಷ್ಮಮ್ಮ ಅಷ್ಟರಲ್ಲಿ ಮತ್ತೆ ಬಾಣಲೆಯ ಮುಂದೆ ಕೂತಾಗಿತ್ತು. "ನೀರು ಇನ್ನೂ ಕಾದಿದೆ," ಎಂದರು, "ಕ್ಯಾಮೆರಾ ಇಡಿಸಿ."