ಹದಿನಾರರ ಜೋಡಿ

ಮೂರನೇ ಸಲ ಸ್ವಿಚ್ ಒತ್ತಿದಾಗಲೂ ಪರದೆ ಮೆಮರಿ ಎಂಟೇ ಎಂಬಿ ಎಂದು ತೋರಿಸಿತು. ಜಯಪಾಲ ಕಂಪ್ಯೂಟರಿನ ಮುಚ್ಚಳ ತೆಗೆದು, ಮಿರಜದಿಂದ ತಂದಿದ್ದ ಹದಿನಾರು ಎಂಬಿಯ ಹೊಸ ಮೆಮರಿ ಪಟ್ಟಿಯನ್ನು ಕಿತ್ತು, ಊದಿ, ಮತ್ತೆ ಕೂಡಿಸಿದ. ಪಟ್ಟಿ ಸ್ಲಾಟಿನಲ್ಲಿ ಟಕ್ ಎಂದು ಕುಳಿತಿತು. ಯಂತ್ರ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

೧೯೯೭ರ ಹೊತ್ತಿಗೆ ಹಾರೂಗೇರಿಯಲ್ಲಿ ಲಗ್ನಪತ್ರಿಕೆಯ ಅಚ್ಚುಮೊಳೆಗಳು ಮೂಲೆ ಸೇರಿದ್ದವು. ಜಯಪಾಲನ ಅಂಗಡಿಗೆ ಈಗ ಬಸದಿಯ ಪಂಚಕಲ್ಯಾಣ ಪೂಜೆಯ ಆಮಂತ್ರಣ ಪತ್ರಿಕೆಯ ಕೆಲಸ ಬಂದಿತ್ತು. ತುಂಬ ಫೋಟೋಗಳ ದೊಡ್ಡ ಪತ್ರಿಕೆ. ಪುಟ ತೆರೆದ ಕೂಡಲೇ ಮೆಮರಿ ಸಾಲದೆ ಯಂತ್ರ ನಿಂತುಬಿಡುತ್ತಿತ್ತು. ನಾಳೆ ಬೆಳಿಗ್ಗೆಯೊಳಗೆ ಆಗದಿದ್ದರೆ ಬಸದಿಯ ಹಿರಿಯರು ಕೆಲಸವನ್ನು ಮಿರಜಕ್ಕೆ ಒಯ್ಯುತ್ತಾರೆ. ಅದರ ಬೆನ್ನಿಗೆ ಸಮಾಜದವರ ಲಗ್ನಪತ್ರಿಕೆಗಳೂ ಹೋಗುತ್ತವೆ. ಆಮೇಲೆ ಅಂಗಡಿ ತೆರೆದು ನೊಣ ಹೊಡೆಯಬೇಕು.

ಪಕ್ಕದ ಎಸ್‌ಟಿಡಿ ಬೂತಿನಿಂದ ಅವನು ಮಿರಜದ ವ್ಯಾಪಾರಿಗೆ ಫೋನ್ ಹಚ್ಚಿದ.

"ಅಹೋ ಜಯಪಾಲರಾವ್, ಆ ಮದರ್‌ಬೋರ್ಡಿಗೆ ಒಂದ ಪಟ್ಟಿ ನಡಿಯೂದಿಲ್ಲರಿ. ಜೋಡೀನ ಬೇಕು. ಎರಡೂ ಒಂದಸಮ ಇರಬೇಕು."

"ಮತ್ತ ಕೊಡುವಾಗ ಬಾಯಾಗ ಏನ ಇಟಗೊಂಡಿದ್ರಿ?"

"ಸಿಟ್ಟ ಯಾಕ ಮಾಡ್ತೀರಿ? ಅದರ ಜೋಡೀದು ನಿಮ್ಮ ಮುರಗೆಪ್ಪ ಮೊನ್ನೆ ಒಯ್ದಾನಲ್ಲ. ನಿಮ್ದು ಒಂದ ಅಂಗಡಿ, ಕೂಡೇ ಹಾಕ್ತೀರಿ ಅಂತ ತಿಳದ್ನಿ. ಬ್ಯಾರೆ ಮಾಲ ಬರಾಕ ವಾರ ಬೇಕು."

ಅಂಗಡಿ ಒಂದಾಗಿದ್ದ ಕಾಲದಲ್ಲಿ ಜಯಪಾಲ, ಮುರಗೆಪ್ಪ ಇಬ್ಬರೂ ಒಂದೇ ದಿನ ಒಂದೇ ತರದ ಎರಡು ಯಂತ್ರ ತಂದಿದ್ದರು. ಅಂಗಡಿಯ ನಾಮಫಲಕದ ಮೇಲೆ ಯಾರ ಹೆಸರು ಮೊದಲು ಎಂಬ ಜಗಳದಲ್ಲಿ ಒಂದೊಂದು ಹಂಚಿಕೊಂಡು ಬೇರೆಯಾದರು. ಮುರಗೆಪ್ಪ ರಸ್ತೆಯ ಆಚೆಗೇ ಅಂಗಡಿ ಇಟ್ಟ. ಎರಡು ವರ್ಷದಿಂದ ಮಾತಿಲ್ಲ.

ಜಯಪಾಲ ರಸ್ತೆ ದಾಟಿದ. ಮುರಗೆಪ್ಪನ ಯಂತ್ರದ ಮುಚ್ಚಳವೂ ತೆರೆದಿತ್ತು. ಅವನ ತಾಯಿ ಗೌರಾಬಾಯಿ ಬಾಗಿಲಲ್ಲಿ ಕುಳಿತು ಪತ್ರಿಕೆ ಮಡಚುತ್ತಿದ್ದಳು.

"ಯವ್ವಾ, ಯಾರೋ ಬಂದಾರ. ಏನ ಬೇಕಂತ ಕೇಳ," ಎಂದ ಮುರಗೆಪ್ಪ, ತಲೆ ಎತ್ತದೆ.

"ಯವ್ವಾ, ಮಿರಜದ ಪಟ್ಟಿ ಏನಾತು ಕೇಳ್ರಿ," ಎಂದ ಜಯಪಾಲ.

"ಚಲೋ ನಡದೈತಿ ಅಂತ ಹೇಳ ಬೇ."

"ಒಂಟಿ ಪಟ್ಟಿ ನಡಿಯಂಗೇ ಇಲ್ಲ ಅನ್ರಿ. ಅದರ ಜೋಡೀದು ನನ್ನ ಕಡೆ ಐತಿ."

ಮುರಗೆಪ್ಪನ ಕೈಯ ಸ್ಕ್ರೂಡ್ರೈವರ್ ನಿಂತಿತು. "ಹಂಗಾರ ಅವಂದ ತಂದ ಇಲ್ಲಿ ಹಾಕಲಿ."

"ನಾಳೆ ಮುಂಜಾನೆ ನಾ ಪೂಜಿ ಪತ್ರಿಕಿ ಕೊಡೂದೈತಿ!"

"ನಾ ಏನ ಟಪಾಲ ಪೆಟ್ಟಿಗಿ ಏನ್ರೋ?" ಗೌರಾಬಾಯಿ ಪತ್ರಿಕೆಗಳನ್ನು ಕೆಳಗೆ ಕುಕ್ಕಿದಳು. "ನಿಮ್ಮಪ್ಪಂದು ಒಂದ ಎತ್ತ, ಇವರಪ್ಪ ಜಿನ್ನಪ್ಪಂದು ಒಂದ ಎತ್ತ. ಅವರೂ ಮಾತ ಬಿಟ್ಟಿದ್ರು. ಕೂಡಿ ಗಳೆ ಹೊಡಿಯೂದ ಬಿಟ್ಟಿದ್ದಿಲ್ಲ. ಯಾರ ಹೊಲ ಮೊದಲ ಹದಕ್ಕ ಬರತೈತಿ, ಎರಡೂ ಎತ್ತ ಅಲ್ಲಿ ಹೂಡತಿದ್ರು. ಎತ್ತಿನ ಸಂಗಾಟ ಮಾಲಕನೂ ಹೋಗಿ ಬದುವಿನ ಮ್ಯಾಲ ಕುಂಡ್ರತಿದ್ದ."

"ಅವು ಎತ್ತ ಬೇ," ಎಂದ ಮುರಗೆಪ್ಪ. "ಇದು ರ‍್ಯಾಮ್."

"ಏನರ ಇರವಲ್ದ್ಯಾಕ. ಇವನ ಹೊಲ ಈಗ ಹದಕ್ಕ ಬಂದೈತಿ. ನಡಿ."

ಮುರಗೆಪ್ಪ ಪಟ್ಟಿಯನ್ನು ಕಿತ್ತು ಕಾಗದದಲ್ಲಿ ಸುತ್ತಿದ. ಜಯಪಾಲ ಕೈ ಚಾಚಿದರೆ ಕೊಡಲಿಲ್ಲ. "ನನ್ನ ಮಾಲ ನನ್ನ ಕೈಯಾಗ ಇರತೈತಿ ಅನ್ನವಗ. ಕೆಲಸ ಮುಗಿಯೂಮಟ ಅಲ್ಲೇ ಕುಂಡ್ರತೀನಿ."

ಜಯಪಾಲನ ಅಂಗಡಿಯಲ್ಲಿ ಮುರಗೆಪ್ಪನೇ ಬಗ್ಗಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಕೂಡಿಸಿದ. ಪರದೆಯ ಅಂಕಿ ಎಂಟು ದಾಟಿ ಏರಿ ನಲವತ್ತಕ್ಕೆ ನಿಂತಿತು. ಪುಟ ತೆರೆಯಿತು. ಮುರಗೆಪ್ಪ ರಸ್ತೆಗೆ ಮುಖ ಮಾಡಿ ಬೆಂಚಿನ ಮೇಲೆ ಕುಳಿತ.

ಮಧ್ಯಾಹ್ನದವರೆಗೆ ಜಯಪಾಲ ಪುಟ ಕೂಡಿಸಿದ. ಫೋಟೋಗಳು ಕುಳಿತವು. ದಾನಿಗಳ ಹೆಸರಿನ ಪುಟ ಬಂದಾಗ ಜಯಪಾಲ ಹಾಕುವುದು, ಅಳಿಸುವುದು ಶುರು ಮಾಡಿದ. ಬೆಂಚು ಕಿರುಗುಟ್ಟಿತು.

"ಹೆಸರ ಒಂದ ಸಾಲಿಗೆ, ಅಡ್ಡೆಸರ ಇನ್ನೊಂದ ಸಾಲಿಗೆ ಬಿದ್ದಾವ," ಎಂದ ಮುರಗೆಪ್ಪ, ಈ ಸಲ ಯಾರ ಮೂಲಕವೂ ಅಲ್ಲ. "ಇದನ್ನ ಒಯ್ದ ಕೊಟ್ಟರ ಬಸದಿ ಮುಂದ ಹೊಡದಾಡ್ತಾರ. ಮೊದಲಿಂದನೂ ನಿನಗ ಹೆಸರ ಕೂಡ್ಸಾಕ ಬರಂಗಿಲ್ಲ."

ಜಯಪಾಲ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ. "ಬರತೈತಿ ಅನ್ನಾಂವ ಮಾಡಲಿ."

ಹಾಗೆಂದವನು ಹೊರಗೆ ನಡೆದ. ಬಸ್ ನಿಲ್ದಾಣದ ಹೋಟೆಲಿನವನು ಕೇಳದೆಯೇ ಒಂದು ಗ್ಲಾಸ್ ಚಹಾ ಇಟ್ಟ. ಜಯಪಾಲ ಅದನ್ನು ಕುಡಿದು, ಅಂಗಡಿಗೆ ಒಯ್ಯಲು ಇನ್ನೊಂದು ಹಾಕಿಸಿಕೊಂಡ.

ತಿರುಗಿ ಬಂದಾಗ ಮುರಗೆಪ್ಪ ಕುರ್ಚಿಯಲ್ಲಿದ್ದ. ಸಾಲುಗಳು ಒಂದರ ಕೆಳಗೊಂದು ನೆಟ್ಟಗೆ ಇಳಿದಿದ್ದವು. ಚಹಾ ತಗೋ ಎನ್ನಬೇಕೋ, ತಗೋರಿ ಎನ್ನಬೇಕೋ ಜಯಪಾಲನಿಗೆ ತಿಳಿಯಲಿಲ್ಲ. ತಂದ ಗ್ಲಾಸನ್ನು ಮೇಜಿನ ಅಂಚಿಗೆ ಇಟ್ಟ. ಮುರಗೆಪ್ಪ ಪರದೆಯಿಂದ ಕಣ್ಣು ತೆಗೆಯದೆ, ಗ್ಲಾಸು ಬೀಳದಂತೆ ಕೀಬೋರ್ಡನ್ನು ನಾಲ್ಕು ಬೆರಳು ಆಚೆ ಸರಿಸಿದ.