ಬೂದುಗುಂಬಳದ ಬೀಗರು

ಬಂಗಾರಪೇಟೆಯಲ್ಲಿ ತಂಗಿಯ ಗಂಡ ವಿಜಯಕುಮಾರ್ ಕಟ್ಟಿಸುತ್ತಿದ್ದ ಹೊಸ ಮನೆಯ ಹೊಸ್ತಿಲಲ್ಲಿ ಒಡೆದು ದೃಷ್ಟಿ ತೆಗೆಯಲು ತನ್ನ ಬಳ್ಳಿಯ ಬೂದುಗುಂಬಳವನ್ನೇ ತರುತ್ತೇನೆಂದು ಊರಿಗಾಂನ ಮುನಿಸ್ವಾಮಪ್ಪ ನೆಂಟರೆಲ್ಲರ ಮುಂದೆ ಮೀಸೆ ತಿರುವಿ ಹೇಳಿಬಿಟ್ಟಿದ್ದ. "ನಿನ್ ಬಳ್ಳೀಲಿ ಎಲೆ ಬಿಟ್ರೆ ಏನೈತೆ ಭಾವ?" ಎಂದು ವಿಜಯಕುಮಾರ್ ನಕ್ಕಿದ್ದ. ಆ ನಗು ಹಲ್ಲಿನ ಸಂದಿಗೆ ಸಿಕ್ಕ ಮಾಂಸದ ಚೂರಿನಂತೆ ಮುನಿಸ್ವಾಮಪ್ಪನನ್ನು ಕಾಡುತ್ತಿತ್ತು.

ಆದರೆ ಬಳ್ಳಿ ಮಾತು ಕೇಳಬೇಕಲ್ಲ! ಹೀಚು ಕಾಣಿಸುವುದು, ಹಳದಿಯಾಗಿ ಉದುರುವುದು. ಪಕ್ಕದ ಮನೆ ಚಿಕ್ಕವೆಂಕಟಮ್ಮನ ಬೇಲಿಯ ತುಂಬ ಮಾತ್ರ ಕಾಯಿ. ಅವಳ ಕಣ್ಣೇ ಬಿದ್ದಿದೆ ಎಂದು ತೀರ್ಮಾನಿಸಿ, ಹರಿದ ಮೆಟ್ಟೊಂದನ್ನು ಅವಳ ಬಾಗಿಲಿಗೆ ಎದುರಾಗಿ ನೇತುಹಾಕಿದ. ಅಂದಿನಿಂದ ಮಾತು ಬಂದ್.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮಗಳು ಸುಮಿತಾ ರಜೆಗೆ ಬಂದವಳು, ದೇವರ ಪಟದ ಮುಂದಿನ ಹಳದಿ ಹೂವಿನ ರಾಶಿ ನೋಡಿ ಹಣೆ ಚಚ್ಚಿಕೊಂಡಳು.

"ಅಪ್ಪಾ, ಇವನ್ನೆಲ್ಲ ಯಾಕೆ ಕಿತ್ತೆ?"

"ಬುಡದಾಗೆ ಈಚಿಲ್ದಿರೋ ದಂಡದ ಊವು ಕಣಮ್ಮ. ದಿನಾ ದೇವ್ರಿಗೆ ಇಡ್ತೀನಿ."

"ಅವೇ ಗಂಡು ಹೂವು! ಅವುಗಳ ಪರಾಗದಿಂದ ಗಂಡು ಲಿಂಗಾಣು ಹೋಗಿ ಹೀಚಿನೊಳಗಿನ ಅಂಡಾಣು ಸೇರಿದ್ರೇನೇ ಬೀಜ ಕಟ್ಟೋದು, ಕಾಯಿ ನಿಲ್ಲೋದು. ನೀನು ಮದುವೆ ಗಂಡುಗಳನ್ನೆಲ್ಲ ಸನ್ಯಾಸಕ್ಕೆ ಕಳಿಸ್ಬಿಟ್ಟಿದ್ದೀಯ. ನಾಳೆ ಒಂದು ಹೂವು ಬಿಡು, ನಾನೇ ಹೆಣ್ಣು ಹೂವಿಗೆ ತಾಕಿಸ್ತೀನಿ."

ದೇವರಾದರೂ ಒಂದು ಮಾತು ಹೇಳಬಹುದಿತ್ತು, ಹೇಳಿರಲಿಲ್ಲ. ಮುನಿಸ್ವಾಮಪ್ಪ ಹೌಹಾರಿದ. "ಒಂದೇ ಬಳ್ಳಿ ಮಕ್ಳು! ಅಣ್ಣ ತಂಗಿಗೆ ಮದ್ವೆ ಮಾಡ್ಸಿ ನಾನು ಯಾವ ನರಕಕ್ಕೆ ಓಗ್ಲಿ?"

ಗಿಡಗಳಿಗೆ ಆ ಲೆಕ್ಕವಿಲ್ಲ ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡು ಬೇರೆ ಬಳ್ಳಿಯದೇ ಆಗಬೇಕು. ಬೇರೆ ಬಳ್ಳಿ ಇದ್ದದ್ದು ಒಂದೇ ಕಡೆ.

ಬೆಳಗ್ಗೆ ಎದ್ದು ಎಲೆ ಅಡಿಕೆ ತಟ್ಟೆ ಹಿಡಿದು ಚಿಕ್ಕವೆಂಕಟಮ್ಮನ ಬಾಗಿಲಲ್ಲಿ ನಿಂತ. "ಒಂದು ಗಂಡು ಊವು ಬೇಕಿತ್ತು ಕಣಕ್ಕ."

ವಿಷಯ ಕೇಳಿ ಅವಳು ಸೆರಗು ಸರಿಮಾಡಿಕೊಂಡಳು. "ಅಂಗಾದ್ರೆ ಗಂಡಿನ ಕಡೆಯೋರು ನಾವು. ಮೊದ್ಲು ಆ ಮೆಟ್ಟು ಇಳ್ಸು. ಆಮೇಲೆ ಮಾತು."

ಮೆಟ್ಟು ಇಳಿಯಿತು. ಹೂವಿನ ಜೊತೆ ಅವಳೂ ಆರತಿ ತಟ್ಟೆ ಹಿಡಿದು ಬಂದಳು. ಸುಮಿತಾ ಗಂಡು ಹೂವಿನ ಎಸಳು ಕಿತ್ತು ಬೆತ್ತಲೆ ಮಾಡಿದಾಗ ಮುನಿಸ್ವಾಮಪ್ಪ ನಾಚಿ ಗೋಡೆಯ ಕಡೆ ತಿರುಗಿದ.

"ಮುಗೀತೇನಮ್ಮ?"

"ಮುಗೀತು, ತಿರುಗಪ್ಪಾ."

ಕಾಯಿ ನಿಂತಿತು, ಊದಿತು, ಬೂದಿ ಮೆತ್ತಿಕೊಂಡಿತು. ಬೀಗರಿಬ್ಬರೂ ದಿನಾ ಅದರ ಮೈ ಸವರಿ, ಹೊಟ್ಟೆ ಯಾರ ಕಡೆಯದು ಎಂದು ಜಗಳವಾಡಿದರು.

ಗೃಹಪ್ರವೇಶದ ದಿನ ಕಾಯಿಗೆ ಕುಂಕುಮ ಬಳಿದು ಕರ್ಪೂರ ಹಚ್ಚಿದರು. ಮುನಿಸ್ವಾಮಪ್ಪ ಎತ್ತಿದ. ಕೈ ಇಳಿಯಲೇ ಇಲ್ಲ.

"ಒಡಿ ಭಾವ!" ಎಂದು ವಿಜಯಕುಮಾರ್ ಕೂಗಿದ. ಬೀಗಿತ್ತಿಯೆಂದು ಜೊತೆಗೆ ಬಂದಿದ್ದ ಚಿಕ್ಕವೆಂಕಟಮ್ಮ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮುನಿಸ್ವಾಮಪ್ಪ ಕರ್ಪೂರ ಆರಿಸಿದ. ಕಾಯಿಯನ್ನು ಅವಳ ಮಡಿಲಿಗೆ ಹಾಕಿ ಮಾರ್ಕೆಟ್ಟಿಗೆ ಓಡಿದ. ಕೊಂಡು ತಂದ ಕಾಯಿ ಫಟ್ ಎಂದು ಒಡೆಯಿತು. ವಿಜಯಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಸಲ ಆ ನಗು ಮುನಿಸ್ವಾಮಪ್ಪನಿಗೆ ತಾಕಲಿಲ್ಲ.

ಸಂಜೆ ಮಾರಿಕುಪ್ಪಂ ರೈಲಿನಲ್ಲಿ ಒಂದೇ ಸೀಟು ಖಾಲಿ ಇತ್ತು, ಕಿಟಕಿಯ ಪಕ್ಕ. ಅದನ್ನು ಕಾಯಿಗೆ ಬಿಟ್ಟುಕೊಟ್ಟು ಬೀಗರಿಬ್ಬರೂ ಊರಿಗಾಂವರೆಗೆ ನಿಂತೇ ಬಂದರು.