ಹೆಸರು ಕತ್ತರಿಸಿದ ಸಿನಿಮಾ

ಪಾಳ್ಯದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಪ್ರತಾಪನನ್ನು ಕಂಡರೆ ನಿವೃತ್ತ ಹೆಡ್‌ಮಾಸ್ಟರ್ ಪರಮಶಿವಯ್ಯನವರಿಗೆ ಮೈ ಉರಿಯುತ್ತಿತ್ತು. ಹಳೆಯ ಸಿನಿಮಾ, ಹಳೆಯ ಧಾರಾವಾಹಿಗಳನ್ನು ಎಲ್ಲಿಂದಲೋ ಇಳಿಸಿಕೊಂಡು ಊರವರ ಪೆನ್‌ಡ್ರೈವಿಗೆ ತುಂಬಿಕೊಡುವುದು ಆ ಮಹಾಶಯನ ಸಮಾಜಸೇವೆ. ಯಾರ ಅಪ್ಪಣೆ ಕೇಳಿದೆಯೋ ಎಂದರೆ, "ಯಾರ್ಗೂ ಬೇಡ್ದೆ ಬಿದ್ದಿರೋದು ಮೇಷ್ಟ್ರೇ, ನಾನ್ ಎತ್ಕಳ್ದಿದ್ರೆ ಹಾಳಾಗ್ ಹೋಯ್ತಿತ್ತು" ಎನ್ನುತ್ತಿದ್ದ.

"ನಿಮ್ ತೋಟದಲ್ಲಿ ಕುಯ್ಯದೆ ಬಿಟ್ಟಿರೋ ಮೆಣಸ್ನ ನಾನ್ ಕುಯ್ಕಂಡ್ ಹೋಗ್ಲೇನೋ?" ಎಂದು ಮೇಷ್ಟರು ಒಮ್ಮೆ ಕೇಳಿದ್ದರು.

"ಮೆಣಸು ಬೇರೆ ಬುಡಿ" ಎಂದಿದ್ದ. ತನ್ನದಾದರೆ ಎಲ್ಲವೂ ಬೇರೆಯೇ.

ಅಂಥ ಪ್ರತಾಪ ಒಂದು ದಿನ ಮೇಷ್ಟರ ಮನೆಗೇ ಬಂದ. ಮೂವತ್ತು ವರ್ಷದ ಹಿಂದೆ ಹೊಂಗಡಹಳ್ಳದಲ್ಲಿ ಶೂಟಿಂಗ್ ಆಗಿದ್ದ ಟಿ.ವಿ. ಸಿನಿಮಾ ಒಂದು ಸಿಕ್ಕಿದೆ, ಭಾನುವಾರ ತೋರಿಸುತ್ತೇವೆ, ಅಲ್ಲೇ ನಿಮಗೊಂದು ಸನ್ಮಾನ ಎಂದ. ಮೇಷ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಆಗ ಅವರು ಅದೇ ಊರಿನ ಶಾಲೆಯಲ್ಲಿದ್ದರು. ಆ ಸಿನಿಮಾದ ಕಥೆ, ಸಂಭಾಷಣೆ ಎರಡೂ ಅವರದೇ. ಮನೆಯಲ್ಲಿದ್ದ ಒಂದೇ ಒಂದು ಕ್ಯಾಸೆಟ್ಟು ಬೂಷ್ಟು ಹಿಡಿದು ಎಂದೋ ಹೋಗಿತ್ತು. ಕಳ್ಳನಾದರೂ ಪರವಾಗಿಲ್ಲ, ಬರೆದವನನ್ನು ಹುಡುಕಿಕೊಂಡು ಬಂದಿದ್ದಾನಲ್ಲ ಎನ್ನಿಸಿತು. ಇಷ್ಟು ದಿನದ ಸಿಟ್ಟು ಒಂದು ಶಾಲಿನ ಆಸೆಗೆ ತಣ್ಣಗಾಯಿತು, ನಾಚಿಕೆಗೇಡು.

ಮೊಮ್ಮಗಳು ಮಾನಸಾಳನ್ನು ಹಟ ಮಾಡಿ ಕರೆದುಕೊಂಡು ಹೋದರು. ತಾತ ಸಿನಿಮಾಕ್ಕೆ ಬರೆದಿದ್ದಾರೆ ಎಂದರೆ ಆ ಹುಡುಗಿ ಯಾವಾಗಲೂ ನಗುತ್ತಿದ್ದಳು. ಇವತ್ತು ಪರದೆಯ ಮೇಲೆ ಹೆಸರು ನೋಡಲಿ, ಆಮೇಲೆ ನಗಲಿ.

ಎಸ್ಟೇಟಿನ ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಕುರ್ಚಿ ಹಾಕಿದ್ದರು. ಪ್ರತಾಪ ಮೈಕ್ ಹಿಡಿದು, ಸ್ಟೋರ್ ಕೊಟ್ಟ ಮಾಲೀಕರಿಗೆ, ಮೈಕಿಗೆ ಅನುಮತಿ ಕೊಟ್ಟ ಪೊಲೀಸರಿಗೆ, ಕಾಡಾನೆ ಊರಿಗೆ ನುಗ್ಗದಂತೆ ಕಾಯುತ್ತಿರುವ ಅರಣ್ಯ ಇಲಾಖೆಯವರಿಗೆ ಒಬ್ಬೊಬ್ಬರಿಗೂ ಕೈಮುಗಿದ. ಅನುಮತಿ ಕೇಳುವುದರಲ್ಲಿ ಎಂಥ ಶಿಸ್ತು! ಆಮೇಲೆ "ನಮ್ಮೂರ ಹಿರಿಯರು, ನಿವೃತ್ತ ಹೆಡ್‌ಮಾಸ್ಟರ್" ಎಂದು ಹೇಳಿ ಮೇಷ್ಟರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟ. ಅಷ್ಟೇ. ಉಳಿದದ್ದು ಸಿನಿಮಾ ಮುಗಿದ ಮೇಲೆ ಹೇಳಬಹುದು ಎಂದುಕೊಂಡು ಮೇಷ್ಟರು ಕೂತರು.

ಪರದೆಯ ಮೇಲೆ ದಪ್ಪಕ್ಷರದಲ್ಲಿ 'ಪ್ರತಾಪ್ ಅರ್ಪಿಸುವ' ಎಂದು ಬಂತು. ಮರುಕ್ಷಣವೇ ಮೊದಲ ದೃಶ್ಯ. ಮೇಷ್ಟರು ಬರೆದ ಮಾತಿಗೆ ಜನ ಹೊಟ್ಟೆ ಹಿಡಿದು ನಕ್ಕರು, ಅಳುವಲ್ಲಿ ಅತ್ತರು.

"ತಾತ, ನಿಮ್ಮೆಸ್ರು ಯಾವಾಗ್ ಬತ್ತದೆ?" ಎಂದು ಮಾನಸಾ ಎರಡು ಸಲ ಕೇಳಿದಳು. ಸಿನಿಮಾ ಮುಗಿದರೂ ಬರಲಿಲ್ಲ.

ಮೇಷ್ಟರು ಎದ್ದು ಪ್ರತಾಪನ ಹತ್ತಿರ ಹೋದರು. "ಟೈಟಲ್ ಎಲ್ಲೋ?"

"ತೆಗ್ದ್‌ಬುಟ್ಟೆ. ಆನೆ ಈ ಕಡೆಗೇ ಬತ್ತೈತೆ ಅಂತ ಬೆಳಗ್ಗೆನೇ ಫಾರೆಸ್ಟ್‌ನೋರ್ ಮೆಸೇಜ್ ಬಂದಿತ್ತು. ಕತ್ಲಾಗಕ್ ಮುಂಚೆ ಜನನ ಮನೆ ಸೇರಿಸ್ಬೇಕಲ್ಲ. ಹೆಸ್ರೆಲ್ಲ ಯಾರ್ ಓದ್ತಾರೆ?"

"ಅದ್ರಲ್ಲಿ ನನ್ ಹೆಸ್ರಿತ್ತು ಕಣೋ. ಕತೆ, ಮಾತು ಎಲ್ಲಾ ನಂದು. ಅದ್ಕೇ ಸನ್ಮಾನ ಅಂದ್ಕೊಂಡಿದ್ದೆ."

ಪ್ರತಾಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಹೌದಾ? ನಂಗೇನ್ ಗೊತ್ತು. ಊರಲ್ಲಿ ದೊಡ್ಡೋರು ಅಂತ ಕರ‍್ದಿದ್ದು."

"ಮೊದ್ಲಿನ್ ಫೈಲ್ ತೋರ‍್ಸು."

"ಜಾಗ ಸಾಲ್ದೆ ಅಳಿಸ್ಬುಟ್ಟೆ. ಇಳಿಸ್ಕೊಂಡಿದ್ ಕಡೇಲೂ ಈಗಿಲ್ಲ." ಸ್ವಲ್ಪ ಯೋಚಿಸಿ, ದೊಡ್ಡ ಉಪಕಾರ ಮಾಡುವವನ ಹಾಗೆ ಸೇರಿಸಿದ: "ನಿಮ್ದೇ ಆದ್ರೆ ಇನ್ಮೇಲೆ ನಿಮ್ ಪರ್ಮಿಷನ್ ತಗಂಡೇ ತೋರಿಸ್ತೀನಿ ಮೇಷ್ಟ್ರೇ. ಏನಾರ ಪ್ರೂಫ್ ಇದ್ರೆ ತಂದ್ಕೊಡಿ."

ಇಂಥವನ ಕೈಯಿಂದ ಪೇಟ ಹಾಕಿಸಿಕೊಂಡ ತಮ್ಮ ತಲೆಯ ಮೇಲೇ ಮೇಷ್ಟರಿಗೆ ಅಸಹ್ಯವಾಯಿತು. ಹೊರಗೆ ಬಂದರೆ ಮಾನಸಾ ಹಣ್ಣಿನ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಈ ಸಲ ಅವಳು ನಗಲಿಲ್ಲ.

"ಹೋಗ್ಲಿ ಬಿಡಿ ತಾತ" ಎಂದಳು, ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಸಮಾಧಾನ ಮಾಡುವ ದನಿಯಲ್ಲಿ. "ನಾನ್ ಮನೇಲಿ ಯಾರ್ಗೂ ಹೇಳಲ್ಲ."